ಟ್ಯೂಬ್‌ಲೈಟು ಬಾರದ ರಾತ್ರಿ

ಪಟ್ಟೆ ಅಂಗಿ ನನ್ನದು. ಹತ್ತೊಂಬತ್ತು ವರ್ಷ
ಮೊಣಕಾಲೂರಿ ಒಂದು, ಎರಡು ಎಣಿಸಿದ್ದೇನೆ;
ಮೂರು ಅನ್ನುವುದು ಯಾವಾಗಲೂ ಬೇರೆ ಯಾರದೋ ತೀರ್ಮಾನ.
ಇಂಥವನ ಮಾತಿಗೆ ಬೆಲೆ ಎಷ್ಟೋ ನೀವೇ ಕಟ್ಟಿ.
ಆದರೂ ಹೇಳುತ್ತೇನೆ: ಕ್ಯಾಜ್ ಡ್ರಾಬ್ನಿಯಾಕ್‌ಗೆ
ಕುಸ್ತಿ ಬರುತ್ತಿತ್ತು.

ನಗಬೇಡಿ. ಪೋಸ್ಟರಿನಲ್ಲಿ ಅವನು ಗುಜರಿ ಕ್ಯಾಜ್.
ಹಣೆಯ ತುಂಬ ಗೆರೆ, ವಯಸ್ಸಿನದಲ್ಲ, ಬ್ಲೇಡಿನದು.
ಮಗಳು ಚಿಕ್ಕವಳಿದ್ದಾಗ ಅದರ ಮೇಲೆ ಬೆರಳಾಡಿಸಿ
ರೈಲು ಬಿಡುತ್ತಿದ್ದಳಂತೆ.

ಸ್ಕ್ರ್ಯಾಂಟನ್ನಿನಲ್ಲಿ, ಮುಚ್ಚಿದ ಗಿರಣಿಯ ಹಿಂದೆ,
ಬೆಂಕಿ ಆರಿಸುವವರ ಸಂಘದ ಹಾಲು.
ಗುರುವಾರ ಅಜ್ಜಿಯರ ಬಿಂಗೊ, ಶುಕ್ರವಾರ ಕರಿದ ಮೀನು,
ಶನಿವಾರ ಅದೇ ಎಣ್ಣೆಯ ವಾಸನೆಯಲ್ಲಿ ನಾವು.
ಹತ್ತು ಡಾಲರಿಗೊಂದು ಕುರ್ಚಿ,
ಆಮೇಲೆ ಅದೇ ಕುರ್ಚಿ ಅವನ ಬೆನ್ನಿಗೆ.

ಜನ ಕೇಳಿದ್ದು ಮುಳ್ಳುತಂತಿ. ಕೊಟ್ಟ.
ಪಿನ್ನು ಸುರಿದ ನೆಲ ಕೇಳಿದರು, ಅದರ ಮೇಲೆ ಮಲಗಿದ.
ಕಂತೆಗಟ್ಟಲೆ ಟ್ಯೂಬ್‌ಲೈಟು ಮೈಮೇಲೆ ಒಡೆಸಿಕೊಂಡ.
ಅವನ ಬಗ್ಗೆ ಬರೆದವರು ರಕ್ತ ಅಳೆದರು,
ಡೈರಿಯಲ್ಲಿ ಹಾಲು ಅಳೆದ ಹಾಗೆ.

ಎಲೆಮರೆಯ ಕಾಯಿ ಅನ್ನಲಾರೆ.
ದೀಪದ ಕೆಳಗೇ ಇದ್ದ;
ಮರೆಯಾದದ್ದು ತನ್ನದೇ ನೆತ್ತರಿನ ಹಿಂದೆ.

ಹತ್ತಿರ ನಿಂತವನಿಗೆ ಬೇರೆ ಕಾಣುತ್ತದೆ.
ಎದುರಾಳಿಯನ್ನು ಎತ್ತಿ ಮೇಜಿಗೆ ಒಗೆಯುವಾಗ
ಅವನ ಎಡಗೈ ಆ ಕುತ್ತಿಗೆಯ ಕೆಳಗೆ ಮೊದಲೇ ಹೋಗಿರುತ್ತಿತ್ತು,
ಕೂಸನ್ನು ತೊಟ್ಟಿಲಿಗೆ ಹಾಕುವವರ ಕೈಯ ಹಾಗೆ.
ಗಾಜು ಸಿಡಿಯುವ ಸದ್ದಿನೊಳಗೆ ಒಂದು ಪಿಸುಮಾತು:
‘ಗದ್ದ ಒಳಗೆಳಕೋ. ಉಸಿರು ಬಿಡು. ಈಗ.’
ಕೇಳಿದವರು ಇಬ್ಬರೇ, ಬೀಳುವವನು ಮತ್ತು ನಾನು.
ಎಷ್ಟು ಆಳಕ್ಕೆ ಕುಯ್ದರೆ ಸಾಕು ಅಂತ ಗೊತ್ತಿರುವುದೂ
ವಿದ್ಯೆಯೇ ಇರಬೇಕು. ಅದನ್ನು ನಾನು ಹೀಗಳೆಯುವುದಿಲ್ಲ.

ಆದರೆ ಆ ಫೆಬ್ರವರಿ.
ಹಿಮ ಬಿದ್ದು ಹೆದ್ದಾರಿ ಮುಚ್ಚಿ
ಸಾಮಾನಿನ ವ್ಯಾನು ವಿಲ್ಕ್ಸ್-ಬ್ಯಾರಿಯಲ್ಲೇ ಉಳಿಯಿತು.
ಮೇಜಿಲ್ಲ, ತಂತಿಯಿಲ್ಲ. ಮೂವತ್ತೇಳು ಜನ.
ಎದುರಿಗೆ ಬಿಂಗ್‌ಹ್ಯಾಮ್ಟನ್ನಿನ ಹುಡುಗ ಡಾರ್ನೆಲ್ ಯೂಬ್ಯಾಂಕ್ಸ್,
ಕಾಲೇಜಿನಲ್ಲಿ ಪದಕ ಗೆದ್ದವನು, ಒಳಗೊಳಗೇ ಸ್ವಲ್ಪ ಬೇಸರ.
ಕ್ಯಾಜ್ ಬೂಟಿನ ದಾರ ಬಿಗಿದು ಅಂದ, ‘ಹಾಗಾದರೆ ಆಡೋಣ.’

ಮಣಿಕಟ್ಟು ಹಿಡಿದ.
ಹುಡುಗ ಉರುಳಿದ, ಲಾಗ ಹೊಡೆದ, ಕಮಾನಾಗಿ ಬಾಗಿದ;
ಮಣಿಕಟ್ಟು ಅಲ್ಲೇ ಇತ್ತು,
ಸಾಲ ಕೊಟ್ಟವನ ನೆನಪಿನ ಹಾಗೆ.
ಪಟ್ಟಿನಿಂದ ಪಟ್ಟು ಹುಟ್ಟಿತು, ವರಸೆಗೆ ವರಸೆ.
ನೂರಹದಿನೈದು ಕಿಲೋ ಮೈ
ಎಣ್ಣೆ ಬಿಟ್ಟ ಕದದಂತೆ ಸದ್ದಿಲ್ಲದೆ ತಿರುಗಿತು.
ಡಾರ್ನೆಲ್ ಮುಖದಲ್ಲಿ ಬೇಸರ ಹೋಗಿ ಭಯ ಬಂತು,
ಭಯ ಹೋಗಿ, ದೇವರಾಣೆ, ನಗು.

‘ಮೇಜು! ಮೇಜು!’ ಅಂತ ಕೂಗುತ್ತಿದ್ದರು.
ಹನ್ನೆರಡನೇ ನಿಮಿಷಕ್ಕೆ ಕೂಗು ನಿಂತಿತು.
ಗೆದ್ದ, ಅಂದುಕೊಂಡೆ.
ತಿರುಗಿ ನೋಡಿದರೆ ಅರ್ಧ ಜನ
ಹಾಟ್ ಡಾಗಿನ ಸಾಲಿನಲ್ಲಿ.

ಬಾಗಿಲು ಹಾಕಲು ಕಾಯುತ್ತಿದ್ದ ಬಿಂಗೊದ ಐರೀನ್ ಹ್ರಿನ್ಕೊ ಮಾತ್ರ
ಬೀಗದ ಕೈ ಮಡಿಲಲ್ಲಿಟ್ಟು ಕೂತಿದ್ದಳು.
‘ಆ ದಪ್ಪನೆಯವನಿಗೆ ಅವಸರವೇ ಇಲ್ಲ, ನೋಡು,’ ಅಂದಳು.
ಇಷ್ಟು ವರ್ಷದಲ್ಲಿ ಅವನಿಗೆ ಸಿಕ್ಕ ವಿಮರ್ಶೆ ಅದೊಂದೇ.

ಇಪ್ಪತ್ತೆರಡನೇ ನಿಮಿಷ ಚಿತ್ತಾದ. ಹುಡುಗನೇ ಗೆಲ್ಲಬೇಕಿತ್ತು.
ಒಂದು. ಎರಡು.
ನನ್ನ ಕೈ ಗಾಳಿಯಲ್ಲಿ ಕೊಂಚ ತಡೆಯಿತು.
ಕಣ್ಣು ಮುಚ್ಚಿಕೊಂಡೇ ಅವನು, ‘ಹೊಡಿ, ಮಾರಾಯ.’

ಬಟ್ಟೆ ಬದಲಿಸುವ ಕೋಣೆಯಲ್ಲಿ
ಟವೆಲು ಹಣೆಗೊತ್ತಿ ನೋಡಿದ, ಅಭ್ಯಾಸಬಲ.
ಬಿಳಿ. ಮಡಚಿ ವಾಪಸ್ ಇಟ್ಟ.
ಸಂಬಳದಲ್ಲಿ ನಲವತ್ತು ಡಾಲರ್ ಮುರಿದುಕೊಂಡರು.

ಆಮೇಲೊಮ್ಮೆ ಪತ್ರಿಕೆಯವಳು ಬಂದು
ಕ್ಯಾಜ್ ಬಗ್ಗೆ ಏನಾದರೂ ಹೇಳಿ ಅಂದಾಗ
ನಾನೂ ಹೇಳಿದ್ದು ಅವನ ಕಿವಿ ಹರಿದ ಕತೆಯನ್ನೇ.
ಮಣಿಕಟ್ಟಿನ ಕತೆಗೆ ಅವಳು ಪೆನ್ನು ಎತ್ತುತ್ತಿದ್ದಳೇ?
ಗೊತ್ತಿಲ್ಲ. ಹೇಳಿ ನೋಡಲಿಲ್ಲ.

ಮುಂದಿನ ಶನಿವಾರ ವ್ಯಾನು ಬಂದಿತ್ತು.
ಎರಡು ಡಜನ್ ಟ್ಯೂಬ್‌ಲೈಟು.
ನಾನೇ ಇಳಿಸಿಕೊಂಡೆ,
ಒಂದೂ ಒಡೆಯದ ಹಾಗೆ.