ಯಾವುದರ ಹಾಗೆ?

ಕಾಯ್ತಾನ್ ಮೇಸ್ತ್ರಿಯ ಕಿವುಡಿಗೆ
ನನಗಿಂತ ಎರಡು ವರ್ಷ ಹೆಚ್ಚು ವಯಸ್ಸು.
ಬೈತಖೋಲದ ಟ್ರಾಲರ್ ಇಂಜಿನ್ನುಗಳು
ಚೂರು ಚೂರೇ ತಿಂದು
ತೊಂಬತ್ತೆಂಟರ ಮಳೆಗಾಲಕ್ಕೆ ಉಳಿದದ್ದನ್ನೂ ಮುಗಿಸಿದವು.

ಹಾಗಾಗಿ ಕೋಡಿಬಾಗದ ಈ ಗ್ಯಾರೇಜಿನಲ್ಲಿ
ಕೇಳುವ ಕೆಲಸ ನನ್ನದು, ತಿಳಿಯುವ ಕೆಲಸ ಅವನದು.
ಬರೀ ಕಟಕಟ, ಗರಗರ ಅಂದರೆ ಒಪ್ಪುವುದಿಲ್ಲ;
ತುಟಿ ನೋಡುವವನಿಗೆ ಎಲ್ಲ ಕಟಕಟವೂ ಒಂದೇ.
"ಯಾವುದರ ಹಾಗೆ, ಪೋರಿ?"
ಅವನು ಕೇಳಿದ್ದ ಸದ್ದೇ ಆಗಬೇಕು.
ನಾನು ಹುಟ್ಟುವ ಮೊದಲಿನದು.
ಅಮ್ಮನಿಂದ, ಮೀನುಪೇಟೆಯ ಮುದುಕಿಯರಿಂದ
ಕಡ ತರುತ್ತೇನೆ:
ಬಂಡೆಯಿಂದ ಕಲ್ವ ಎಬ್ಬಿಸುವ ಉಳಿ,
ಐಸ್ ಫ್ಯಾಕ್ಟರಿಯ ಸಡಿಲ ಪಟ್ಟಾ,
ಸೇತುವೆ ಬರುವ ಮೊದಲು
ಕಾಳಿ ದಾಟಿಸುತ್ತಿದ್ದ ಬಾರ್ಜಿನ ಸರಪಳಿ.
ಆ ಸೇತುವೆಯೇ ಬಿದ್ದ ರಾತ್ರಿ ಮೇಸ್ತ್ರಿ ಮಲಗಿದ್ದ.
ಆ ಸದ್ದು ನಮ್ಮ ಲೆಕ್ಕದಲ್ಲಿಲ್ಲ.

ಸೋಮವಾರ ಬಂತು ಗೋವಾ ಪಾಸಿಂಗಿನ ಕೆಂಪು ಟರ್ಬೊ.
ಹಂಪಿಗೆ ಹೊಟ್ಟೆ ಉಜ್ಜುವಷ್ಟು ತಗ್ಗು,
ಆರು ಗೇರು, ಬೆನ್ನಿಗೆ ಇಸ್ತ್ರಿ ಮೇಜಿನಷ್ಟು ಅಗಲದ ರೆಕ್ಕೆ.
ಬೆಳಿಗ್ಗೆ ಬೆಣ್ಣೆ, ಅಂದ ಅದರ ಹುಡುಗ ಜೋವಿಟೊ,
ಬಿಗಿದು ಹತ್ತು ಕಿಲೋಮೀಟರ್ ಓಡಿಸಿದರೆ
ಫಸ್ಟ್ ಬೀಳುವುದಿಲ್ಲ, ರಿವರ್ಸ್ ಹಲ್ಲು ಕಡಿಯುತ್ತದೆ.
ಮಡಗಾಂವಿನವರು ಗೇರ್‌ಬಾಕ್ಸ್ ಇಳಿಸಬೇಕು ಅಂದರಂತೆ.
ಒಂದು ಲಕ್ಷ ಎಂಬತ್ತು ಸಾವಿರ.

ಬಿಣಗಾ ಏರಿಗೆ ಎರಡು ಸಲ ಹತ್ತಿಸಿ ಇಳಿಸಿ
ಬಿಸಿಬಿಸಿ ತಂದು ನಿಲ್ಲಿಸಿ ರಿವರ್ಸಿಗೆ ಎಳೆದೆ.
"ಯಾವುದರ ಹಾಗೆ?"
"ಕಲ್ವದ ಉಳಿ. ಬಂಡೆ ಒಣಗಿದ್ದು."
"ಇಂಜಿನ್ ಬಂದ್ ಮಾಡಿ ನೋಡು."
ಆರಕ್ಕೆ ಆರೂ ಬಿದ್ದವು,
ಕೊಬ್ಬರಿ ಎಣ್ಣೆ ಕಂಡ ಚಿಲಕದ ಹಾಗೆ.
"ಪೆಟ್ಟಿಗೆ ಮುಟ್ಟಬೇಡ. ಅದರದೇನೂ ತಪ್ಪಿಲ್ಲ.
ಕ್ಲಚ್ಚು ಹಿಡಿದ ಕೈ ಬಿಡ್ತಾ ಇಲ್ಲ.
ಪೆಡಲ್ ಒತ್ತಿ ಹಿಡಿ. ಕೂಗ್ತದಾ?"
ಇಲ್ಲ. ಬೇರಿಂಗು ಸರಿ.
"ಎರಡು ಸಲ ಪಂಪ್ ಮಾಡಿ ಹಾಕು."
ಮುನಿಸಿಕೊಂಡೇ ಬಿತ್ತು.

ಎಣ್ಣೆ ಡಬ್ಬಿ ತುಂಬಿತ್ತು. ಸೋರಿಕೆ ಎಲ್ಲೂ ಇಲ್ಲ.
ಗಾಳಿ ತೆಗೆಯಲು ಕೂತರೆ ಒಂದು ಗುಳ್ಳೆಯೂ ಬರಲಿಲ್ಲ.
ಸ್ಲೇವ್ ಸಿಲಿಂಡರಿನ ಕಡ್ಡಿಗೆ ಸ್ಕೇಲು ಹಿಡಿದೆ:
ತಣ್ಣಗಿದ್ದಾಗ ಹದಿನಾಲ್ಕು ಮಿಲಿಮೀಟರು,
ಬಿಸಿಗೆ ಒಂಬತ್ತು.
ನಡುವಿನ ಐದನ್ನು ಯಾರು ತಿಂದರು?
ಹೇಳಲು ನನ್ನ ಹತ್ತಿರ ಸದ್ದೇ ಇರಲಿಲ್ಲ.

ಮೇಸ್ತ್ರಿ ಗೋಣಿ ಹಾಸಿ ಅಡಿಗೆ ನುಸುಳಿದ.
ಸ್ಪ್ಯಾನರಿನಿಂದ ತಟ್ಟಿದ, ತುಳಿ ಅಂತ.
ತುಳಿದೆ. ಬಿಟ್ಟೆ. ತುಳಿದೆ.
ಬಹಳ ಹೊತ್ತು ಮತ್ತೆ ತಟ್ಟಲಿಲ್ಲ.
ಆಮೇಲೆ ಹುಡುಗನನ್ನು ಪೆಡಲಿಗೆ ಕೂರಿಸಿ
ನನ್ನನ್ನು ಅಡಿಗೆ ಕರೆದು, ನನ್ನ ಬೆರಳು ಹಿಡಿದು ಇಟ್ಟ,
ಟರ್ಬೊ ಪೈಪಿನ ಬಗಲಲ್ಲೇ ಬೇಯುತ್ತಿದ್ದ
ಗೇಣುದ್ದದ ರಬ್ಬರ್ ಹೋಸಿನ ಮೇಲೆ.
ತುಳಿದಾಗಲೆಲ್ಲ ಉಬ್ಬಿತು,
ಕಪ್ಪೆ ನುಂಗಿದ ಕೇರೆಯ ಕುತ್ತಿಗೆ.
ಕಾಲಿನ ಬಲವೆಲ್ಲ ಅಲ್ಲೇ ಊದಿಕೊಂಡು ಕೂತಿತ್ತು,
ಸದ್ದಿಲ್ಲದೆ.

ಸ್ಟೀಲ್ ಹೆಣೆದ ಹೋಸು, ಎರಡು ಸಾವಿರದ ನಾನೂರು. ಕೂಲಿ ಬೇರೆ.

ಸಂಜೆ ಟ್ರಯಲ್ಲಿಗೆ ಮೇಸ್ತ್ರಿ ಪಕ್ಕದಲ್ಲಿ ಕೂತ.
ಗೇರಿನ ಗುಂಡಿಗೆ ಅವನ ಅಂಗೈ, ಅದರ ಮೇಲೆ ನನ್ನದು.
ಚೆನ್ನಾಗಿ ಕಾಯಿಸಿ ರಿವರ್ಸ್ ಹಾಕಿದೆ.
"ಯಾವುದರ ಹಾಗೆ?"
"ಏನೂ ಇಲ್ಲ."
"ಯಾವ ಏನೂ ಇಲ್ಲ?"
ದೋಣಿ ಬಂದ್ ಮಾಡಿ ಬಲೆ ಬಿಡುವ ಮೊದಲಿನದು, ಅಂದೆ.
ತಲೆ ಆಡಿಸಿದ.

ಮೂರನೇ ಗೇರಿನಲ್ಲಿ ಮಾತ್ರ ಒಂದು ಸಣ್ಣದು ಉಳಿದಿದೆ.
ತಿಂಗಳುಗಟ್ಟಲೆ ಬಲವಂತಕ್ಕೆ ಸಿಂಕ್ರೊ ರಿಂಗು ಸವೆದಿರಬೇಕು.
ಕೈ ಮೆದು ಇಡು ಅಂತ ಜೋವಿಟೊಗೆ ಹೇಳಿದ್ದೇನೆ.
ಮೇಸ್ತ್ರಿಗೆ ಇನ್ನೂ ಹೇಳಿಲ್ಲ.
ದುಡ್ಡು ಬಂತು ಎಂದು ಕೂಗುವ ಅಂಗಡಿಯ ಪೆಟ್ಟಿಗೆ
ಕೂಗುವ ಮುಂಚೆ ಒಮ್ಮೆ ಕರ್ ಅನ್ನುತ್ತದಲ್ಲ,
ಥೇಟ್ ಹಾಗೆ.
ಅದು ಅವನ ಕಾಲದಲ್ಲಿ ಇರಲಿಲ್ಲ.

ನಾಳೆ ಬಂಗುಡೆ ತರಲು ಹೋದಾಗ
ಮುದುಕಿಯರನ್ನು ಕೇಳಬೇಕು.