ಅರ್ಕಾವತ್ತು

ಮಂಗಳವಾರ ರಾತ್ರಿ ಪುಟದ ನೆತ್ತಿಗೆ ಪಟ್ಟಿ ಬಿತ್ತು:
ಈ ಲೇಖನವನ್ನು ಅಳಿಸಲು ಸೂಚಿಸಲಾಗಿದೆ.
ಕಾರಣ: ಗಮನಾರ್ಹತೆ ಇಲ್ಲ, ಆಕರ ಇಲ್ಲ.
ಗಡುವು ಏಳು ದಿನ. ಸಹಿ: ತ್ರಾಸು.

ತ್ರಾಸು ಯಾರೋ, ಯಾವ ಊರೋ.
ವಿಶ್ವಕೋಶಕ್ಕೆ ನನ್ನ ಹಾಗೇ ಬಿಟ್ಟಿ ದುಡಿಯುವವರು.
ಸಭ್ಯರು; 'ದಯವಿಟ್ಟು' ಬಿಡುವುದಿಲ್ಲ,
ಅಲ್ಪವಿರಾಮ ತಪ್ಪುವುದಿಲ್ಲ.

ನಾನು ಬರೆದದ್ದು ಹನ್ನೊಂದೇ ಸಾಲು.
ಮರ್ದಾನಸಾಬ, ಕೊಪ್ಪಳ. ಗಡಿಯಾರ ಕಂಬದ ಹಿಂದಿನ ಸಂದಿಯಲ್ಲಿ
ಮೂವತ್ತೆಂಟು ವರ್ಷ ಮೊಳೆ ಜೋಡಿಸಿದವರು.
ಲಗ್ನಪತ್ರಿಕೆ, ನಾಟಕದ ಹ್ಯಾಂಡ್‌ಬಿಲ್ಲು, ಸೊಸೈಟಿ ಚುನಾವಣೆ,
ಕಳೆದುಹೋದ ಎಮ್ಮೆಯ ಪ್ರಕಟಣೆ,
ಸೀಸದಲ್ಲಿ ಎಲ್ಲವನ್ನೂ ತಿರುಗಾಮುರುಗಾ ಓದುತ್ತ
ಊರನ್ನು ನೆಟ್ಟಗೆ ನಿಲ್ಲಿಸಿದವರು.
(ಈ ಕೊನೆಯ ಸಾಲನ್ನು ತ್ರಾಸು ಆಗಲೇ ತೆಗೆದಿದ್ದಾರೆ:
'ಹೊಗಳಿಕೆ. ವಿಶ್ವಕೋಶಕ್ಕೆ ಸಲ್ಲದು.' ಸರಿಯೇ.)

ಹಗಲು ನಾನು ಖಜಾನೆಯ ಗುಮಾಸ್ತ.
ಲಗತ್ತಿಲ್ಲದ ಬಿಲ್ಲು ವಾಪಸು ಕಳಿಸುವುದೇ ನನ್ನ ಅನ್ನ.
ಆಕರ ಕೇಳುವವರ ಮೇಲೆ ಸಿಟ್ಟಾಗುವ ಬಾಯಿ ನನಗಿಲ್ಲ.

ಗುರುವಾರ ಸಂಜೆ ಹಳಿ ದಾಟಿ ಭಾಗ್ಯನಗರಕ್ಕೆ,
ಅವರ ಮಗಳು ಖಾಜಾಬನಿಯ ಮನೆಗೆ ಹೋದೆ.
ಟ್ರಂಕು ಎಳೆದು ತಂದಳು. ನೂರಾರು ಹಾಳೆ.
ವರನ ಹೆಸರು, ವಧುವಿನ ಹೆಸರು, ಸುಖಾಗಮನ ಬಯಸುವ ಸೋದರಮಾವಂದಿರು,
ತೀರಾ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಪ್ರೆಸ್ಸಿನ ಮಾಲೀಕರು.
'ಅಪ್ಪಾರದಾ? ಅವ್ರು ತಮ್ಮ ಹೆಸ್ರು ಎಂದೂ ಜೋಡಿಸ್ಲಿಲ್ರೀ.
ಸುಮ್ನ ಮೊಳಿ ಸವೀತಾವ ಅಂತಿದ್ರು.'
ರೇಷನ್ ಕಾರ್ಡು ತಂದುಕೊಟ್ಟಳು. ಅದು ಆಕರವಾಗದು
ಎನ್ನಲಾಗದೆ ಫೋಟೋ ತೆಗೆದುಕೊಂಡೆ. ಚಹಾ ಕುಡಿದೆ.

ಭಾನುವಾರ ರಾತ್ರಿ, ಕರೆಂಟು ಹೋಗಿ ಬಂದ ಮೇಲೆ,
ಹೊಳೆಯಿತು:
ಹಳೇ ಪುಸ್ತಕ ಓದುವ ಯಂತ್ರಕ್ಕೆ ಅರ್ಕಾವತ್ತು ಗೊತ್ತಿಲ್ಲ,
ಅದರ ಕಣ್ಣಿಗೆ ಅದು ಒಂಬತ್ತು.
ಬೇಕೆಂದೇ ತಪ್ಪು ಒತ್ತಿ ಹುಡುಕಿದೆ:
ಮದಾ೯ನಸಾಬ.

ಬಂದರು.
ಸಹಕಾರಿ ಸಂಘದ ಬೆಳ್ಳಿಹಬ್ಬದ ಸಂಚಿಕೆ, ಕಟ್ಟಕಡೆಯ ಹಾಳೆ, ತಪ್ಪು ಒಪ್ಪು:
ಪುಟ ೪೧ರಲ್ಲಿ 'ಬಾವಿ ಅಧ್ಯಕ್ಷರು' ಎಂದಿರುವುದನ್ನು
'ಭಾವಿ ಅಧ್ಯಕ್ಷರು' ಎಂದು ಓದಿಕೊಳ್ಳತಕ್ಕದ್ದು.
ಪ್ರಮಾದ, ಮೊಳೆ ಜೋಡಿಸಿದ ಮರ್ದಾನಸಾಬನದು.

ಮೂವತ್ತೆಂಟು ವರ್ಷಕ್ಕೆ ಒಂದೇ ಸಲ ಅಚ್ಚಾದ ಹೆಸರು,
ಒಂದು ಸೀಳು ಬಿಟ್ಟುಹೋದದ್ದಕ್ಕೆ.
ಆ ಸಾಲನ್ನೂ ಜೋಡಿಸಿದ ಕೈ
ಅವರದೇ ಇರಬೇಕು.

ಲಗತ್ತಿಸಿದೆ. ಹತ್ತು ನಿಮಿಷಕ್ಕೆ ತ್ರಾಸು:
'ಧನ್ಯವಾದ. ಆದರೆ ಇದು ಬರಿಯ ಪ್ರಾಸಂಗಿಕ ಉಲ್ಲೇಖ,
ಅದೂ ತಪ್ಪಿನ ಬಗ್ಗೆ. ದಯವಿಟ್ಟು ಅನ್ಯಥಾ ಭಾವಿಸಬೇಡಿ.'

ಭಾವಿಸಲಿಲ್ಲ. ನೆನಪಾದದ್ದು ಬೇರೆ.
ಹೋದ ಯುಗಾದಿಗೆ ಕುಕನೂರಿನ ಯಾವನೋ ಹುಡುಗ
ಮೂಳೆ ಕೂಡಿಸುವ ತನ್ನ ಅಜ್ಜಿಯ ಮೇಲೆ ಪುಟ ಬರೆದಿದ್ದ,
ಅಜ್ಜಿಯ ಫೋನ್ ನಂಬರು ಸಮೇತ.
ಅಳಿಸಿ ಎಂದು ಪಟ್ಟಿ ಹಚ್ಚಲು ನನಗೆ ಎರಡು ನಿಮಿಷ ಹಿಡಿಯಲಿಲ್ಲ.
ಕಾರಣ: ಜಾಹೀರಾತು.
'ದಯವಿಟ್ಟು' ಕೂಡ ಹಾಕಿರಲಿಲ್ಲ.

ಸೋಮವಾರ ಖಾಜಾಬನಿಗೆ ಫೋನಿನಲ್ಲಿ ಓದಿ ಹೇಳಿದೆ.
ಆ ಕಡೆ ಸದ್ದಿಲ್ಲ. ನೊಂದಳೇನೋ ಅಂದುಕೊಂಡರೆ
ನಗು, ಕೆಮ್ಮು ಹತ್ತುವಂಥ ನಗು.
'ಹೌದ್ರೀ, ಆ ಬಾವಿ! ಎಲ್ಡು ದಿನದ ಪಗಾರ ಹಿಡದಿದ್ರು.
ಅಪ್ಪಾರು ಅಂದ್ರು: ಅಧ್ಯಕ್ಷರ ಹೊಟ್ಟಿ ನೋಡಿದ್ರ ಬಾವೀನ ಖರೇ.'

ಇದಕ್ಕೂ ಆಕರವಿಲ್ಲ.

ನಾಳೆ ಗಡುವು. ಮೂವರು 'ಅಳಿಸಿ', ನಾನೊಬ್ಬ 'ಉಳಿಸಿ'.
ಎರಡಕ್ಕೂ ಒಂದೇ ಮೊಳೆಯ ಫರಕು.
ಕೇಸಿನಲ್ಲಿ ಅ ಮತ್ತು ಉ ಎಷ್ಟು ದೂರ ಇರುತ್ತವೆ,
ಕೇಳಬಹುದಾಗಿದ್ದವರು ಈಗಿಲ್ಲ.

ಮಲಗುವ ಮುಂಚೆ ಕುಕನೂರಿನ ಹುಡುಗನಿಗೆ ಬರೆದೆ:
'ಅಜ್ಜಿಯ ಹೆಸರು ಎಲ್ಲಾದರೂ ಅಚ್ಚಾಗಿದೆಯಾ? ಹುಡುಕೋಣ.
ತಪ್ಪು ಅಕ್ಷರ ಹಾಕಿಯೂ ನೋಡು.'
ಕೆಳಗೆ ನಾಲ್ಕು ಅಲೆಗೆರೆ ಒತ್ತಿದೆ.
ನನ್ನ ಹೆಸರು, ತಾರೀಖು, ಗಂಟೆ
ತಾವಾಗಿ ಬಂದು ಕೂತವು.
ಯಾವ ಮೊಳೆಯೂ ಸವೆಯಲಿಲ್ಲ.