ಎರಡಕ್ಷರ

ತುಳಸಾಬಾಯಿಗೆ ಉಬ್ಬಸ.
ಮೈಕು ಹಿಡಿದರೆ ನಾಲ್ಕು ಮಾತಿಗೊಮ್ಮೆ
ಎದೆ ಒತ್ತಿಕೊಂಡು ನಿಲ್ಲುತ್ತಾರೆ.
ನಮ್ಮ ವಾರ್ಡಿನ ನೀರಿನ ಟ್ಯಾಂಕಿನಡಿ ಅವತ್ತು
ಅಂದದ್ದು ಇಷ್ಟೇ:
"ಈ ಟ್ಯಾಂಕಿನ ದುಡ್ಡು ತಿಂದಿದ್ದು ನಾನು"
ಒಂದು ಉಸಿರು.
"ಅಲ್ಲ."

ಆ ಉಸಿರಿನಷ್ಟು ಜಾಗ ಸಾಕು ನನಗೆ.
ಗೋಪಿ ಸರ್ಕಲ್ಲಿನ ಹಿಂದೆ, ಮೆಟ್ಟಿಲಿಳಿದರೆ ನನ್ನ ಅಂಗಡಿ:
ಸ್ಕ್ರೀನ್‌ಗಾರ್ಡ್, ಚಾರ್ಜರ್, ಮದುವೆ ವಿಡಿಯೋ,
ಚುನಾವಣೆ ಬಂದರೆ ಇದು.
ಬೆಳಿಗ್ಗೆ ಇವರ ಹುಡುಗ, ಸಂಜೆ ಅವರ ಹುಡುಗ,
ಇಬ್ಬರಿಗೂ ಅದೇ ಕುರ್ಚಿ, ಅದೇ ಚಹಾ, ಒಂದೇ ರೇಟು.
ಅಷ್ಟರಮಟ್ಟಿಗೆ ನಾನು ಪಕ್ಷಾತೀತ.

ಹೈಸ್ಕೂಲಲ್ಲಿ ಲೋಪಸಂಧಿ ಬಾಯಿಪಾಠ ಮಾಡಿದ್ದೆ,
ನಾನು ಕೂಡಿಸು ಅಲ್ಲ, ನಾನಲ್ಲ.
ಹಾಗೆ ಕೂಡಿಸಿ ಹೇಳಿದ್ದರೆ
ಕತ್ತರಿಗೆ ಸಂದು ಸಿಗುತ್ತಿರಲಿಲ್ಲ.
ಪಾಪ, ದಮ್ಮಿನವರು.
ಕೆಂಪು ಬಾಣ ಹಾಕಿದೆ, ಹಿಂದೆ ಢಂ ಎಂಬ ಸದ್ದು.
ಗೋಡೆಯ ಪೆಟ್ಟಿಗೆ ಮಾತಾಡಿತು:
ಎರಡು ಸಾವಿರ ರೂಪಾಯಿ ಬಂದಿದೆ.

ಹನ್ನೊಂದು ಸೆಕೆಂಡಿನದು ಅದು.
ವಿನೋಬನಗರದ ವಾಕಿಂಗಿನವರಿಗೆ, ಹಾಲಿನವರ ಗುಂಪಿಗೆ,
ಗುಲಾಬಿ ಹೂವಿನ ಶುಭೋದಯದ ಬೆನ್ನಿಗೇ ಹೋಯಿತು.
ಆಗುಂಬೆ ಘಾಟಿಯಲ್ಲಿ ಸಿಗ್ನಲ್ ಕಳೆದುಕೊಂಡಿದ್ದ ಬಸ್ಸು
ಸೋಮೇಶ್ವರಕ್ಕೆ ಇಳಿದಿದ್ದೇ ತಡ
ಜೇಬುಗಳೆಲ್ಲ ಒಟ್ಟಿಗೆ ಟಣ್ ಅಂದವಂತೆ.
ಎರಡನೇ ದಿನ ನನ್ನ ಹೆಂಡತಿಯೇ ತೋರಿಸಿದಳು,
"ನೋಡ್ರೀ, ಬಾಯಿಬಿಟ್ಟು ಹೇಳ್ತಾಳೆ, ಎಂಥಾ ಧೈರ್ಯ!"
ಇನ್ನೊಂದು ಸೌಟು ಹುಳಿ ಹಾಕಿಸಿಕೊಂಡೆ.

ಗುರುವಾರ ಮಧ್ಯಾಹ್ನ ಅವರೇ ಬಂದರು.
ಹದಿಮೂರು ಮೆಟ್ಟಿಲು, ಮೂರು ಸಲ ನಿಂತರು.
ಗಾಜು ಒಡೆದ ಫೋನು ಕೌಂಟರಿನ ಮೇಲಿಟ್ಟು,
"ಇದರಲ್ಲಿ ನನ್ನ ಮಾತಿನ ತುದಿ ಬಿದ್ದುಹೋಗಿದೆ ಮಾರಾಯ.
ಎಲ್ಲಾದರೂ ಇರುತ್ತಾ? ಹುಡುಕಿ ಜೋಡಿಸೋಕಾಗುತ್ತಾ?"

ಇತ್ತು.
ಅವರ ಮೊಣಕೈಯಿಂದ ಗೇಣು ದೂರದಲ್ಲಿ,
ವೇಸ್ಟ್ ಎಂದು ಹೆಸರಿಟ್ಟ ಫೋಲ್ಡರಿನಲ್ಲಿ,
ಇನ್ನೂ ಯಾರ್ಯಾರದೋ ಅಲ್ಲ, ಇಲ್ಲ, ಬೇಡಗಳ ಜೊತೆ.
ಮೌಸಿನ ಮೇಲೆ ಕೈ ಬೆವರಿತು.
ಹಳೇ ಫೋನು ಅಮ್ಮ, ಸಿಗೋದು ಕಷ್ಟ, ಅಂದೆ.

ತಲೆಯಾಡಿಸಿದರು. ಫೋನು ಸೆರಗಿಗೆ ಒರೆಸಿಕೊಂಡರು.
"ಹೋಗಲಿ, ಕತ್ತರಿಸಿದ್ದು ಯಾರು ಅಂತಾದರೂ..."
ಅಂದು ಉಸಿರಿಗೆ ನಿಂತರು.
ಅವರ ಮಾತಿನ್ನೂ ಮುಗಿದಿರಲಿಲ್ಲ.

"ನಾನಲ್ಲ" ಅಂದೆ,
ಕೂಡಿಸಿ, ಒಂದೇ ಉಸಿರಿನಲ್ಲಿ,
ಎಲ್ಲೂ ಸಂದಿಲ್ಲದಂತೆ.